ಕಕ್ಕಡದ ಮಳೆಯಲ್ಲಿ ಲಿನಕ್ಸ್ ಪಿಸಿ ರಿಪೇರಿ: ಬಿಸಿ, ಚಟಪಟ, ಗುಂಯ್

ಸೋಮವಾರಪೇಟೆ ಕಡೆ ಜುಲೈ ಕೊನೆಯಲ್ಲಿ, ಅಂದರೆ ಕೊಡಗಿನ ಕಕ್ಕಡ ಮಾಸದಲ್ಲಿ, ಮಳೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಈ ಸಲವೂ ಹಾಗೇ ಆಯಿತು. ಕಾಲೇಜಿಗೆ ಮಳೆ ರಜೆ ಕೊಟ್ಟರು. ಅಣ್ಣನ ಮಗ ಮನೆಯಲ್ಲೇ ಉಳಿದ. ತೋಟದ ಕೆಲಸವೂ ನಿಂತಿತ್ತು. ಎರಡನೇ ದಿನ ಸಂಜೆ ಅವನು ಒಲೆ ಹತ್ತಿರ ಬಂದು ಕೂತ.

"ಚಿಕ್ಕಪ್ಪ, ಆಟ ಶುರುವಿನಲ್ಲಿ ಚೆನ್ನಾಗೇ ಇರುತ್ತೆ. ಹತ್ತು ನಿಮಿಷ ಆದ್ಮೇಲೆ ಎಳೆದಾಡುತ್ತೆ. ಸೌಂಡ್ ಬೇರೆ ಚಟಪಟ ಅನ್ನುತ್ತೆ. ವಿಂಡೋಸ್ ಹಾಕಿಬಿಡೋಣ್ವಾ?"

ಬೇಡ ಅಂದೆ. ಆ ಕಂಪ್ಯೂಟರ್ ಜೋಡಿಸಿದ್ದು ನಾನೇ, ವಿಂಡೋಸ್ ಬದಲು ಲಿನಕ್ಸ್ ಎಂಬ ವ್ಯವಸ್ಥೆ ಹಾಕಿದ್ದೂ ನಾನೇ. ತೊಂದರೆ ಎಲ್ಲಿದೆ ಅಂತ ತಿಳಿಯದೆ ವ್ಯವಸ್ಥೆಯನ್ನೇ ಬದಲಾಯಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಮಳೆ ಬಿಡುವವರೆಗೆ ಬೇರೆ ಕೆಲಸವೂ ಇರಲಿಲ್ಲ. ಇಬ್ಬರೂ ಕೂತು ನೋಡಿದೆವು. ಆ ಒಂಬತ್ತು ದಿನಗಳಲ್ಲಿ ಮಾಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಯಂತ್ರದ ಬಗ್ಗೆ. ಪ್ರೊಸೆಸರ್ ಎಎಂಡಿ ರೈಜನ್ 5 3400ಜಿ. ನಾಲ್ಕು ಕೋರ್, ಎಂಟು ಥ್ರೆಡ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗೇ ಇರುವ ವೇಗಾ 11 ಗ್ರಾಫಿಕ್ಸ್. 8 ಜಿಬಿ ರ‍್ಯಾಮ್, ಒಂದೇ ಕಡ್ಡಿ. ಲಿನಕ್ಸ್ ಮಿಂಟ್ 22. ಅವನು ಆಡುವುದು ಎರಡು ಆಟ. ಒಂದು ಸೂಪರ್‌ಟಕ್ಸ್‌ಕಾರ್ಟ್, ಅದು ಲಿನಕ್ಸ್‌ನಲ್ಲಿ ನೇರವಾಗಿಯೇ ಓಡುತ್ತದೆ. ಇನ್ನೊಂದು ವಿಂಡೋಸ್‌ಗೆಂದು ಮಾಡಿದ ಕಾರ್ ರೇಸ್. ಅದು ಆಟಗಳ ಅಂಗಡಿಯಾದ ಸ್ಟೀಮ್ ಒಳಗೆ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಮೂಲಕ ಓಡುತ್ತದೆ. ಪ್ರೋಟಾನ್ ಅನ್ನು ವಾಲ್ವ್ ಕಂಪನಿ 2018ರಲ್ಲಿ ಹೊರತಂದಿತು. ಆಟ ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಕೇಳುವುದನ್ನು ಅದರೊಳಗಿನ ಡಿಎಕ್ಸ್‌ವಿಕೆ ಎಂಬ ಭಾಗ ವಲ್ಕನ್ ಭಾಷೆಗೆ ಬದಲಾಯಿಸಿ ಗ್ರಾಫಿಕ್ಸ್ ಡ್ರೈವರ್‌ಗೆ ಕೊಡುತ್ತದೆ.

ಇನ್ನೊಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಮಾಡಿ.

ಹುಡುಗ ಆಗಲೇ ವಿಡಿಯೋಗಳನ್ನು ನೋಡಿ ಒಂದಷ್ಟು ಬದಲಾವಣೆ ಮಾಡಿದ್ದ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಭದ್ರತಾ ತಡೆಗಳನ್ನು ಆಫ್ ಮಾಡುವ ಸಾಲೊಂದನ್ನು ಬೂಟ್ ಸೆಟ್ಟಿಂಗ್‌ಗೆ ಸೇರಿಸಿದ್ದ. ಮೆಮೊರಿ ಸಾಲದಾದಾಗ ಡಿಸ್ಕ್ ಬಳಸುವ ಸ್ವಾಪ್ ಸೆಟ್ಟಿಂಗ್ ಬದಲಾಯಿಸಿದ್ದ. ಎಲ್ಲವನ್ನೂ ಒಟ್ಟಿಗೇ ಮಾಡಿದ್ದರಿಂದ ಯಾವುದರಿಂದ ಏನಾಯಿತು ಅಂತ ಅವನಿಗೇ ಗೊತ್ತಿರಲಿಲ್ಲ. ಎಲ್ಲವನ್ನೂ ಮೊದಲಿನಂತೆ ಮಾಡಿಸಿದೆ. ಅದೇ ಕಂಪ್ಯೂಟರ್‌ನಲ್ಲಿ ಅಣ್ಣ ಬ್ಯಾಂಕ್ ವ್ಯವಹಾರ ಮಾಡುತ್ತಾನೆ. ಸೆಕೆಂಡಿಗೆ ಎರಡು ಫ್ರೇಮ್ (ಪರದೆಯ ಚಿತ್ರ) ಜಾಸ್ತಿ ಬರಲಿ ಅಂತ ಮನೆ ಬಾಗಿಲಿನ ಚಿಲಕ ತೆಗೆಯುವುದು ತಪ್ಪು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಆಮೇಲೆ ಅಳತೆ. ಮ್ಯಾಂಗೋಹಡ್ ಅನ್ನುವ ಸಣ್ಣ ಸಾಫ್ಟ್‌ವೇರ್ ಇದೆ, ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತದೆ. ಆಟದ ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್, ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಲ್ಲ ತೋರಿಸುತ್ತದೆ. ಬಿಸಿ ಮತ್ತು ವೇಗ ಕಾಣಬೇಕಾದರೆ ಸೆಟ್ಟಿಂಗ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್ ತೆರೆದು ಲಾಂಚ್ ಆಪ್ಷನ್ಸ್ ಜಾಗದಲ್ಲಿ 'ಮ್ಯಾಂಗೋಹಡ್ %ಕಮಾಂಡ್%' ಎಂದು ಬರೆದರೆ ಸಾಕು. ಬಲಗಡೆಯ ಶಿಫ್ಟ್ ಹಿಡಿದು ಎಫ್12 ಒತ್ತಿದರೆ ಮಾಯವಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ.

ನೋಡಬೇಕಾದದ್ದು ಬರೀ ಸರಾಸರಿ ಫ್ರೇಮ್ ಅಲ್ಲ. ಕೆಳಗೆ ಒಂದು ಗೆರೆ ಓಡುತ್ತಿರುತ್ತದೆ. ಒಂದೊಂದು ಫ್ರೇಮ್ ತಯಾರಾಗಲು ಎಷ್ಟು ಹೊತ್ತು ಬೇಕಾಯಿತು ಅನ್ನುವುದನ್ನು ಅದು ತೋರಿಸುತ್ತದೆ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದಕ್ಕೆ 16.7 ಮಿಲಿಸೆಕೆಂಡ್ ಮಾತ್ರ ಸಮಯ. ಗೆರೆ ಸಮನಾಗಿದ್ದರೆ 45 ಫ್ರೇಮ್‌ನಲ್ಲೂ ಆಡಬಹುದು. ಗೆರೆ ಗರಗಸದ ಹಲ್ಲಿನ ಹಾಗಿದ್ದರೆ 60 ಇದ್ದರೂ ಕಣ್ಣಿಗೆ ಹಿಂಸೆ.

ಆಟ ಶುರು ಮಾಡಿ ಪಕ್ಕದಲ್ಲೇ ಕೂತೆ. ಮೊದಲ ಮೂರು ನಿಮಿಷ 46 ಫ್ರೇಮ್. ಪ್ರೊಸೆಸರ್ ಬಿಸಿ 80 ಡಿಗ್ರಿ ದಾಟಿತು. ಆರನೇ ನಿಮಿಷಕ್ಕೆ 91. ಎಂಟನೇ ನಿಮಿಷಕ್ಕೆ 95. ಈ ಪ್ರೊಸೆಸರ್‌ಗೆ ಎಎಂಡಿ ಕೊಟ್ಟಿರುವ ಮಿತಿಯೇ 95. ಅಲ್ಲಿಂದ ಮುಂದೆ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. 1400 ಮೆಗಾಹರ್ಟ್ಸ್‌ನಲ್ಲಿದ್ದ ಗ್ರಾಫಿಕ್ಸ್ ನಮ್ಮ ಕಣ್ಣೆದುರೇ 900ಕ್ಕೆ ಬಂತು. ಫ್ರೇಮ್ 27. "ಇಲ್ಲಿಂದ್ಲೇ ಶುರುವಾಗೋದು ಚಿಕ್ಕಪ್ಪ" ಅಂದ. ಹೊರಗೆ ಸ್ವೆಟರ್ ಹಾಕುವ ಚಳಿ, ಒಳಗೆ ಈ ಪೆಟ್ಟಿಗೆಯಲ್ಲಿ ನೀರು ಕುದಿಯುವಷ್ಟು ಬಿಸಿ.

ಮಾರನೇ ದಿನ ಬೆಳಿಗ್ಗೆ ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ, ಪಕ್ಕದ ತಗಡು ಬಿಚ್ಚಿದೆ.

ಬಯಲುಸೀಮೆಯಲ್ಲಿ ಕಂಪ್ಯೂಟರ್ ಒಳಗೆ ಧೂಳು ಪುಡಿಪುಡಿಯಾಗಿ ಇರುತ್ತದೆ. ಊದಿದರೆ ಹಾರುತ್ತದೆ. ನಮ್ಮಲ್ಲಿ ಹಾಗಲ್ಲ. ಮಳೆಗಾಲದ ತೇವ ಧೂಳನ್ನು ಹಿಡಿದು ಕಂಬಳಿ ಮಾಡಿಬಿಡುತ್ತದೆ. ಫ್ಯಾನ್ ಕೆಳಗೆ, ಪ್ರೊಸೆಸರ್‌ನ ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ಅಲ್ಯೂಮಿನಿಯಂ ಎಲೆಗಳ ಮೇಲೆ, ಬೂದು ಬಣ್ಣದ ಒಂದು ಪದರ ಮೆತ್ತಿಕೊಂಡಿತ್ತು. ಚಿಮುಟದಲ್ಲಿ ಅಂಚು ಹಿಡಿದು ಎಳೆದರೆ ಇಡಿಯಾಗಿ ಎದ್ದು ಬಂತು, ದೋಸೆ ಏಳುವ ಹಾಗೆ. ಒಳಮೈಯಲ್ಲಿ ಬೆಳ್ಳಗೆ ಬೂಷ್ಟು ಹಿಡಿದಿತ್ತು. ಗಾಳಿ ಹೋಗಲು ದಾರಿಯೇ ಇರಲಿಲ್ಲ.

ಹೀಟ್‌ಸಿಂಕ್ ಬಿಚ್ಚುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡಿಕೊಂಡೆ. ಇದನ್ನು ಮರೆಯಬೇಡಿ. ಎಎಂ4 ಸಾಕೆಟ್‌ಗೆ ಕೂರುವ ಈ ಪ್ರೊಸೆಸರ್‌ಗಳಲ್ಲಿ ಪಿನ್‌ಗಳು ಪ್ರೊಸೆಸರ್‌ನ ಅಡಿಯಲ್ಲೇ ಇರುತ್ತವೆ. ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸಲು ನಡುವೆ ಹಚ್ಚಿದ ಪೇಸ್ಟ್ ಒಣಗಿ ಅಂಟಿನ ಹಾಗೆ ಹಿಡಿದಿದ್ದರೆ ಹೀಟ್‌ಸಿಂಕ್ ಜೊತೆಗೆ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಆಫ್ ಮಾಡಿ, ಮತ್ತೆ ಪ್ಲಗ್ ಕಿತ್ತು, ಬೆಚ್ಚಗಿದ್ದಾಗಲೇ ಸ್ಕ್ರೂ ತೆಗೆದು, ನೇರ ಮೇಲಕ್ಕೆ ಎತ್ತದೆ, ನಿಧಾನವಾಗಿ ಆಚೆ ಈಚೆ ತಿರುಗಿಸುತ್ತಾ ಬಿಡಿಸಿದೆ. ಪೇಸ್ಟ್ ಒಣಗಿದ ಸುಣ್ಣದ ಹಾಗೆ ಉದುರುತ್ತಿತ್ತು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಎರಡೂ ಕಡೆ ಒರೆಸಿ, ಹೊಳಪು ಬಂದ ಮೇಲೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಸ್ಕ್ರೂಗಳನ್ನು ಎದುರು ಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ.

ಅದೇ ಆಟ, ಅದೇ ರಸ್ತೆ, ಅರ್ಧ ಗಂಟೆ. ಬಿಸಿ 74ಕ್ಕೆ ನಿಂತಿತು. ಫ್ರೇಮ್ 46, ಕೊನೆಯವರೆಗೂ 46. ಒಂದು ಸೆಟ್ಟಿಂಗ್ ಕೂಡ ಮುಟ್ಟಿರಲಿಲ್ಲ.

ಆಮೇಲೆ ರ‍್ಯಾಮ್. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇರುವುದಿಲ್ಲ. ಮುಖ್ಯ ರ‍್ಯಾಮ್‌ನಲ್ಲೇ ಪಾಲು ಪಡೆಯುತ್ತದೆ. ಡಿಡಿಆರ್4 2666 ಕಡ್ಡಿ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 21 ಜಿಬಿ ಚಿಲ್ಲರೆ ಸಾಗುತ್ತದೆ. ಎರಡು ಕಡ್ಡಿ ಸರಿಯಾದ ಸ್ಲಾಟ್‌ಗಳಲ್ಲಿದ್ದರೆ ಅದರ ಎರಡರಷ್ಟು. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಇದು ಅಷ್ಟು ದೊಡ್ಡ ವಿಷಯವಲ್ಲ. ನಮ್ಮಂಥ ಯಂತ್ರಕ್ಕೆ ಇದೇ ಜೀವ. ಕುಶಾಲನಗರಕ್ಕೆ ಗೊಬ್ಬರ ತರಲು ಹೋದಾಗ ಅದೇ ವೇಗದ ಹಳೆಯ 8 ಜಿಬಿ ಕಡ್ಡಿಯೊಂದು 1,100 ರೂಪಾಯಿಗೆ ಸಿಕ್ಕಿತು.

ತಂದು ಹಾಕಿದರೆ ಪರದೆ ಬರಲೇ ಇಲ್ಲ. ಹುಡುಗನ ಮುಖ ಬಾಡಿತು. ಕಡ್ಡಿ ತೆಗೆದು ಬೆಳಕಿಗೆ ಹಿಡಿದರೆ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಜು ಮಂಜು ಕಲೆ. ಅವನ ಜಾಮಿಟ್ರಿ ಬಾಕ್ಸ್‌ನ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮದರ್‌ಬೋರ್ಡ್ ಪುಸ್ತಕದಲ್ಲಿ ಹೇಳಿದಂತೆ ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿದೆ. ಬಂತು. ಕಂಪ್ಯೂಟರ್‌ನ ಆರಂಭದ ಸೆಟ್ಟಿಂಗ್ ಪರದೆಯಾದ ಬಯಾಸ್‌ನಲ್ಲಿ ಡ್ಯುಯಲ್ ಚಾನೆಲ್, ಅಂದರೆ ಎರಡೂ ಕಡ್ಡಿ ಜೊತೆಯಾಗಿ ದುಡಿಯುತ್ತಿವೆ ಎಂದು ತೋರಿಸಿತು. ಫ್ರೇಮ್ 46ರಿಂದ 61ಕ್ಕೆ ಹೋಯಿತು. ಒಟ್ಟು ಕೆಲಸದಲ್ಲಿ ಫ್ರೇಮ್ 46ರ ಮೇಲೆ ಏರಿದ್ದು ಇದೊಂದರಿಂದಲೇ.

ಸಾಫ್ಟ್‌ವೇರ್ ಕಡೆ ಮಾಡಿದ್ದು ಕಡಿಮೆ. ಫೆರಲ್ ಇಂಟರಾಕ್ಟಿವ್ ಕಂಪನಿಯವರ ಗೇಮ್‌ಮೋಡ್ ಎಂಬ ಸಾಫ್ಟ್‌ವೇರ್ ಹಾಕಿದೆ. ಲಾಂಚ್ ಆಪ್ಷನ್ಸ್‌ನಲ್ಲಿ ಮ್ಯಾಂಗೋಹಡ್‌ಗಿಂತ ಮುಂಚೆ 'ಗೇಮ್‌ಮೋಡ್‌ರನ್' ಎಂದು ಸೇರಿಸಿದರೆ ಆಟ ನಡೆಯುವಷ್ಟು ಹೊತ್ತು ಮಾತ್ರ ಪ್ರೊಸೆಸರ್‌ನ ವೇಗ ನಿರ್ಧರಿಸುವ ಗವರ್ನರ್ 'ಪರ್ಫಾರ್ಮೆನ್ಸ್' ಸ್ಥಿತಿಗೆ ಹೋಗುತ್ತದೆ, ಆಟ ಮುಗಿದ ಮೇಲೆ ತಾನೇ ಹಿಂದಕ್ಕೆ ಬರುತ್ತದೆ. ಸರಾಸರಿ ಫ್ರೇಮ್ ಏನೂ ಏರಲಿಲ್ಲ. ಆದರೆ ಗೆರೆಯ ಮೊನೆಗಳು ಕಡಿಮೆಯಾದವು. ಮಾನಿಟರ್ 60 ಹರ್ಟ್ಸ್ ಆದ್ದರಿಂದ ಮ್ಯಾಂಗೋಹಡ್‌ನಲ್ಲೇ 60ಕ್ಕೆ ಮಿತಿ ಹಾಕಿದೆ. ಹೊಸ ರಸ್ತೆಗೆ ಮೊದಲ ಸಲ ಹೋದಾಗ ಒಂದೆರಡು ಕಡೆ ಆಟ ತಡೆಯುತ್ತದೆ. ಅದು ಚಿತ್ರ ಮೂಡಿಸುವ ಸಣ್ಣ ಪ್ರೋಗ್ರಾಂಗಳಾದ ಶೇಡರ್‌ಗಳು ಆಗಷ್ಟೇ ತಯಾರಾಗುವುದರಿಂದ. ಎರಡನೇ ಸುತ್ತಿನಲ್ಲಿ ಇರುವುದಿಲ್ಲ. ಅದಕ್ಕೆ ಏನೂ ಮಾಡಬೇಕಾಗಿಲ್ಲ.

ಇನ್ನು ಸೌಂಡ್. ಇದಕ್ಕೇ ಜಾಸ್ತಿ ದಿನ ಹಿಡಿಯಿತು. ಯಾಕೆಂದರೆ ಹುಡುಗ "ಸೌಂಡ್ ಸರಿ ಇಲ್ಲ" ಅಂದದ್ದು ಒಂದು ತೊಂದರೆಯಲ್ಲ, ಮೂರು. ಕಣ್ಣು ಮುಚ್ಚಿ ಕೂತು ಕೇಳಿದಾಗ ಬೇರೆಬೇರೆಯಾಗಿ ಸಿಕ್ಕಿದವು. ಏನಾದರೂ ಶಬ್ದ ಶುರುವಾಗುವ ಮೊದಲು ಒಂದು 'ಟಪ್'. ಆಟದ ಮಧ್ಯೆ 'ಚಟಪಟ'. ಹಿಂದೆ ಯಾವಾಗಲೂ 'ಗುಂಯ್'.

ಟಪ್ ಸುಲಭದ್ದು. ಕೆಲಸವಿಲ್ಲದಾಗ ಕರೆಂಟ್ ಉಳಿಸಲು ಸೌಂಡ್ ಚಿಪ್ ಮಲಗುತ್ತದೆ, ಎದ್ದಾಗ ಸ್ಪೀಕರ್‌ನಲ್ಲಿ ಟಪ್ ಅನ್ನುತ್ತದೆ. ಡ್ರೈವರ್ ಹೆಸರು 'ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್'. ಹೆಸರಲ್ಲಿ ಇಂಟೆಲ್ ಇದ್ದರೂ ಎಎಂಡಿ ಬೋರ್ಡ್‌ಗಳಿಗೂ ಇದೇ. ಇದರ 'ಪವರ್_ಸೇವ್' ಬೆಲೆ 1 ಇತ್ತು, ಅಂದರೆ ಒಂದು ಸೆಕೆಂಡ್ ಸುಮ್ನೆ ಇದ್ದರೆ ಮಲಗು ಅಂತ. ಇಟಿಸಿ ಫೋಲ್ಡರ್‌ನ ಮಾಡ್‌ಪ್ರೋಬ್ ಡಾಟ್ ಡಿ ಒಳಗೆ ಒಂದು ಫೈಲ್ ಮಾಡಿ, 'ಆಪ್ಷನ್ಸ್' ಎಂಬ ಪದ, ಡ್ರೈವರ್ ಹೆಸರು, 'ಪವರ್_ಸೇವ್=0' ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದು ರೀಸ್ಟಾರ್ಟ್ ಮಾಡಿದೆ. ಟಪ್ ಹೋಯಿತು.

ಚಟಪಟಕ್ಕೆ ಸ್ವಲ್ಪ ವಿವರ ಬೇಕು. ಮಿಂಟ್ 22ರಿಂದ ಸೌಂಡ್ ನೋಡಿಕೊಳ್ಳುವುದು ಪೈಪ್‌ವೈರ್. ಅದು ಶಬ್ದವನ್ನು ತುಂಡು ತುಂಡಾಗಿ ಕಳಿಸುತ್ತದೆ. ಒಂದು ತುಂಡಿನ ಅಳತೆಗೆ ಕ್ವಾಂಟಮ್ ಅನ್ನುತ್ತಾರೆ. ಸೆಕೆಂಡಿಗೆ 48,000 ಸ್ಯಾಂಪಲ್. ಕ್ವಾಂಟಮ್ 1024 ಆದರೆ ಒಂದು ತುಂಡಿಗೆ 21 ಮಿಲಿಸೆಕೆಂಡ್. 256 ಆದರೆ 5 ಚಿಲ್ಲರೆ. ಹುಡುಗನಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಉದಾಹರಣೆ ಕೊಟ್ಟೆ. ಪಲ್ಪರ್‌ಗೆ ಕಾಫಿ ಹಣ್ಣನ್ನು ದೊಡ್ಡ ಬುಟ್ಟಿಯಲ್ಲಿ ಸುರಿದರೆ ನಡುವೆ ಉಸಿರಾಡಲು ಬಿಡುವಿರುತ್ತದೆ. ಸಣ್ಣ ಬುಟ್ಟಿಯಾದರೆ ಓಡಾಡುತ್ತಲೇ ಇರಬೇಕು. ಒಂದು ಸಲ ತಡವಾದರೂ ಪಲ್ಪರ್ ಬರಿದೇ ತಿರುಗುತ್ತದೆ. ಸ್ಪೀಕರ್‌ನಲ್ಲಿ ಬರಿದೇ ತಿರುಗಿದ ಶಬ್ದವೇ ಈ ಚಟ್. ಬುಟ್ಟಿ ದೊಡ್ಡದಾದಷ್ಟೂ ಶಬ್ದ ತಡವಾಗಿ ಬರುತ್ತದೆ ಅನ್ನುವುದೂ ನಿಜ. ಆದ್ದರಿಂದ ಸುಮ್ನೆ ದೊಡ್ಡದು ಮಾಡುವುದೂ ಸರಿಯಲ್ಲ.

ಟರ್ಮಿನಲ್‌ನಲ್ಲಿ 'ಪಿಡಬ್ಲ್ಯು-ಟಾಪ್' ಎಂದು ಓಡಿಸಿ ಆಟ ಶುರು ಮಾಡಿದೆವು. ಅದರಲ್ಲಿ ಕ್ವಾಂಟಮ್‌ಗೆ ಒಂದು ಕಾಲಂ, ತಪ್ಪಿದ ತುಂಡುಗಳ ಲೆಕ್ಕಕ್ಕೆ ಇಆರ್‌ಆರ್ ಎಂಬ ಕಾಲಂ. ಆಟ ಬಂದ ಕೂಡಲೇ ಕ್ವಾಂಟಮ್ 256ಕ್ಕೆ ಇಳಿಯಿತು. ಹತ್ತು ನಿಮಿಷದಲ್ಲಿ ಇಆರ್‌ಆರ್ 31. ಪ್ರತಿ ಚಟ್ ಶಬ್ದಕ್ಕೂ ಅಂಕಿ ಒಂದೊಂದು ಏರುವುದನ್ನು ಹುಡುಗ ಬೆರಳಿಟ್ಟು ತೋರಿಸಿದ. ಧೂಳು ತೆಗೆಯುವ ಮೊದಲು ಇದೇ ಹತ್ತು ನಿಮಿಷದಲ್ಲಿ 140 ದಾಟಿತ್ತು. ಅಂದರೆ ಬಿಸಿಯದ್ದೂ ಇದರಲ್ಲಿ ದೊಡ್ಡ ಪಾಲಿತ್ತು.

ತಾತ್ಕಾಲಿಕವಾಗಿ ನೋಡಲು 'ಪಿಡಬ್ಲ್ಯು-ಮೆಟಾಡೇಟಾ -ಎನ್ ಸೆಟ್ಟಿಂಗ್ಸ್ 0 ಕ್ಲಾಕ್.ಫೋರ್ಸ್-ಕ್ವಾಂಟಮ್ 512' ಎಂದು ಕೊಟ್ಟೆ. ಇದರಲ್ಲಿ ಸುರಕ್ಷತೆ ಇದೆ. ಕೊನೆಯ ಅಂಕಿಯ ಜಾಗದಲ್ಲಿ 0 ಕೊಟ್ಟರೆ ಮೊದಲಿನಂತಾಗುತ್ತದೆ. ಇಪ್ಪತ್ತು ನಿಮಿಷ ಆಡಿದ, ಇಆರ್‌ಆರ್ ಒಂದೂ ಏರಲಿಲ್ಲ. 512 ಅಂದರೆ ಸುಮಾರು 10.7 ಮಿಲಿಸೆಕೆಂಡ್. ಬ್ರೇಕ್ ಒತ್ತುವುದಕ್ಕೂ ಶಬ್ದಕ್ಕೂ ನಡುವೆ ವ್ಯತ್ಯಾಸ ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಶಾಶ್ವತ ಮಾಡಿದೆ. ಮನೆ ಫೋಲ್ಡರ್‌ನ ಡಾಟ್ ಕಾನ್ಫಿಗ್ ಒಳಗೆ ಪೈಪ್‌ವೈರ್, ಅದರೊಳಗೆ ಪೈಪ್‌ವೈರ್ ಡಾಟ್ ಕಾನ್ಫ್ ಡಾಟ್ ಡಿ. ಅಲ್ಲಿ ಒಂದು ಸಣ್ಣ ಫೈಲ್. ಅದರ 'ಕಾಂಟೆಕ್ಸ್ಟ್.ಪ್ರಾಪರ್ಟೀಸ್' ಭಾಗದಲ್ಲಿ 'ಡಿಫಾಲ್ಟ್.ಕ್ಲಾಕ್.ಮಿನ್-ಕ್ವಾಂಟಮ್ = 512'. ಇನ್ನು ಯಾವ ಆಟ ಕೇಳಿದರೂ ಬುಟ್ಟಿ ಅದಕ್ಕಿಂತ ಸಣ್ಣದಾಗುವುದಿಲ್ಲ.

ಗುಂಯ್ ಉಳಿಯಿತು.

ಇದಕ್ಕೆ ಎರಡು ದಿನ ಸೆಟ್ಟಿಂಗ್‌ಗಳಲ್ಲೇ ಹುಡುಕಿದೆ. ಸೌಂಡ್ ಮಟ್ಟ ಹೊಂದಿಸುವ ಅಲ್ಸಾಮಿಕ್ಸರ್ ತೆರೆದು ಮೈಕ್ ಬೂಸ್ಟ್ ಇಳಿಸಿದೆ, ಬೇಡದ ಲೈನ್ ಇನ್ ಅನ್ನು ಎಂ ಒತ್ತಿ ಮ್ಯೂಟ್ ಮಾಡಿದೆ. ಸಣ್ಣ ಸುಯ್ ಶಬ್ದ ಕಡಿಮೆಯಾಯಿತು, ಗುಂಯ್ ಹಾಗೇ. ವಾಲ್ಯೂಮ್ ಸೊನ್ನೆ ಮಾಡಿದರೂ ಇತ್ತು. ಹೆಡ್‌ಫೋನ್‌ನಲ್ಲಿ ಇರಲಿಲ್ಲ. ಸ್ಪೀಕರ್ ವೈರ್ ಕಂಪ್ಯೂಟರ್‌ನಿಂದ ಕಿತ್ತು ಮೊಬೈಲ್‌ಗೆ ಹಾಕಿದರೆ ಇರಲಿಲ್ಲ. ಅಂದರೆ ಇದು ಲಿನಕ್ಸ್ ಕೆಲಸವಲ್ಲ. ವೈರ್ ಮೂಲಕ ಬರುವ ಕರೆಂಟಿನ ಶಬ್ದ.

ಆಗ ಅತ್ತಿಗೆ ಹೇಳಿದ ಮಾತು ಮುಖ್ಯವಾಯಿತು. "ಒರೆಸೋವಾಗ ಆ ಡಬ್ಬ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಕಣ್ರಿ. ಮಳೆಗಾಲ ಅಲ್ವಾ ಅಂತ ಸುಮ್ನಿದ್ದೆ."

ನನಗೆ ಎದೆ ಝಲ್ ಅಂದಿತು. ಕಂಪ್ಯೂಟರ್‌ನ ಪವರ್ ಸಪ್ಲೈ ಒಳಗೆ ಫೇಸ್‌ನಿಂದ ಮತ್ತು ನ್ಯೂಟ್ರಲ್‌ನಿಂದ ತಗಡಿನ ಮೈಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ, ಗದ್ದಲ ಸೋಸಲು. ಅರ್ಥಿಂಗ್ ಸರಿ ಇದ್ದರೆ ಅಲ್ಲಿ ಸೋರುವ ಅಷ್ಟಿಷ್ಟು ಕರೆಂಟ್ ಭೂಮಿಗೆ ಹೋಗುತ್ತದೆ. ಅರ್ಥ್ ತುಂಡಾಗಿದ್ದರೆ ಡಬ್ಬದ ಮೈ ಸಪ್ಲೈನ ಅರ್ಧದಷ್ಟು ವೋಲ್ಟ್‌ನಲ್ಲಿ ತೇಲುತ್ತಿರುತ್ತದೆ. ಜುಮ್ ಅನ್ನುವುದೂ ಅದೇ, ಸ್ಪೀಕರ್‌ನ ಗುಂಯ್‌ಗೆ ಮೂಲವೂ ಅದೇ. ಸೋರಿಕೆ ಸಣ್ಣದು, ಆದರೆ ವಿಷಯ ಸಣ್ಣದಲ್ಲ. ಅರ್ಥ್ ಇಲ್ಲದ ಮನೆಯಲ್ಲಿ ನಾಳೆ ಗೀಸರ್ ಅಥವಾ ಮಿಕ್ಸಿಯಲ್ಲಿ ನಿಜವಾದ ಶಾರ್ಟ್ ಆದರೆ ಏನು ಗತಿ? ಕೆಳಗೆ ಒದ್ದೆ ನೆಲ ಬೇರೆ.

ಮಲ್ಟಿಮೀಟರ್ ಇಟ್ಟು ನೋಡಿದೆ. ಪ್ಲಗ್ ಪಾಯಿಂಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 228 ವೋಲ್ಟ್, ಸರಿ. ಡಬ್ಬದ ಮೈ ಮತ್ತು ನ್ಯೂಟ್ರಲ್ ನಡುವೆ 108. ಅಷ್ಟಕ್ಕೇ ನಿಲ್ಲಿಸಿ ಎಲ್ಲ ಪ್ಲಗ್ ಕಿತ್ತೆ. ಇದಕ್ಕೆ ನಾವು ಕೈ ಹಾಕುವುದಲ್ಲ, ಎಲೆಕ್ಟ್ರಿಷಿಯನ್‌ನ ಕೆಲಸ. ಮಳೆ ಸ್ವಲ್ಪ ಬಿಟ್ಟ ದಿನ ಅವರು ಬಂದರು. ಮೇನ್ ಆಫ್ ಮಾಡಿ, ಹಿಂದುಗಡೆ ಬಚ್ಚಲಿನ ಪಕ್ಕದ ಅರ್ಥ್ ಗುಂಡಿಯ ಕಲ್ಲು ಸರಿಸಿದರು. ಪೈಪಿಗೆ ವೈರ್ ಹಿಡಿದಿದ್ದ ಕ್ಲಾಂಪ್ ತುಕ್ಕು ತಿಂದು ಬೆಲ್ಲದ ಅಚ್ಚಿನ ಹಾಗೆ ಕೈಯಲ್ಲೇ ಪುಡಿಯಾಯಿತು. ವೈರ್ ಸುಮ್ನೆ ಪಕ್ಕದಲ್ಲಿ ಬಿದ್ದಿತ್ತು. ಎಷ್ಟು ಮಳೆಗಾಲದಿಂದ ಹೀಗಿತ್ತೋ. ಪೈಪ್ ಉಜ್ಜಿ, ಹೊಸ ಕ್ಲಾಂಪ್, ಹೊಸ ಬೋಲ್ಟ್, ಮೇಲೆ ಗ್ರೀಸ್ ಹಾಕಿದರು. ಜೊತೆಗೆ ಒಳಗಿನ ಬೋರ್ಡಿಗೆ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಕೂಡ ಹಾಕಿಸಿದೆವು. ಅಣ್ಣ ಖರ್ಚಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮತ್ತೆ ಅಳೆದರೆ 108 ಇದ್ದ ಜಾಗದಲ್ಲಿ 1.6 ವೋಲ್ಟ್. ಸ್ಪೀಕರ್ ಮತ್ತು ಕಂಪ್ಯೂಟರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿದೆ. ಆನ್ ಮಾಡಿದೆ. ಗುಂಯ್ ಇಲ್ಲ. ಹುಡುಗ ಸ್ಪೀಕರ್‌ಗೆ ಕಿವಿ ಹಚ್ಚಿ, "ಆನ್ ಆಗಿದ್ಯಾ?" ಅಂತ ಕೇಳಿದ.

ಮಳೆಗಾಲದಲ್ಲಿ ನಮ್ಮಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಮಾಮೂಲು. ಇನ್ವರ್ಟರ್‌ಗೆ ಬದಲಾದಾಗ ಸ್ಪೀಕರ್‌ನಲ್ಲಿ ಬೇರೊಂದು ಕೊರೆಯುವ ಶಬ್ದ ಬರುತ್ತದೆ. ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್. ಅದರ ಅಲೆ ದುಂಡಗಿರುವುದಿಲ್ಲ, ಮೆಟ್ಟಿಲಿನ ಹಾಗೆ ಚೂಪು ಅಂಚು. ಸೈನ್ ವೇವ್ ಇನ್ವರ್ಟರ್ ಬಂದರೆ ಹೋಗುತ್ತದೆ, ಈಗ ಅದಕ್ಕೆ ದುಡ್ಡಿಲ್ಲ. ಇನ್ವರ್ಟರ್ ಮೇಲೆ ಆಡಬಾರದು ಅಂತ ಮಾಡಿಕೊಂಡಿದ್ದೇವೆ. ಬ್ಯಾಟರಿಯೂ ಉಳಿಯುತ್ತದೆ.

ಇನ್ನೊಂದು ಅಭ್ಯಾಸ. ಇಲ್ಲಿ ಬೀರುವಿನಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಅಂತ ಬಲ್ಬ್ ಉರಿಸಿಡುತ್ತೇವಲ್ಲ, ಕಂಪ್ಯೂಟರ್‌ಗೂ ಹಾಗೇ. ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಆನ್ ಮಾಡಿ, ಅದರ ಬಿಸಿಗೆ ಅದೇ ಒಣಗುತ್ತದೆ. ಬಟ್ಟೆ ಮುಚ್ಚಿ ತಿಂಗಳುಗಟ್ಟಲೆ ಇಟ್ಟರೇ ಹಾಳು. ಒಂದು ತೊಂದರೆ ಉಳಿದಿದೆ. ಡಬ್ಬದ ಮುಂಭಾಗದ ಜಾಕ್‌ಗೆ ಹೆಡ್‌ಫೋನ್ ಹಾಕಿದರೆ, ಮೌಸ್ ಅಲುಗಿಸಿದಾಗ ಇನ್ನೂ ಚಿರ್ ಅನ್ನುತ್ತದೆ. ಒಳಗೆ ಆ ಜಾಕ್‌ನ ವೈರ್ ಮದರ್‌ಬೋರ್ಡ್ ಮೇಲೆಯೇ ಹಾದು ಹೋಗಿದೆ, ಶೀಲ್ಡ್ ಇಲ್ಲ. ಸದ್ಯಕ್ಕೆ ಹುಡುಗ ಹಿಂಭಾಗದ ಜಾಕ್ ಬಳಸುತ್ತಿದ್ದಾನೆ.

ಕೆಲಸ ಮುಗಿದ ದಿನ ಆಗಸ್ಟ್ 3, ಕಕ್ಕಡ ಹದಿನೆಂಟು. ಆ ದಿನ ತಿನ್ನುವ, ನೇರಳೆ ಬಣ್ಣ ಬಿಡುವ ಮದ್ದು ಸೊಪ್ಪಿನ ಪಾಯಸವನ್ನು ಅತ್ತಿಗೆ ಮಾಡಿದ್ದರು. ನೇರಳೆ ಬಣ್ಣ ಹತ್ತಿದ ಬೆರಳಲ್ಲೇ ಹುಡುಗ ಒಂದು ಚೀಟಿ ಬರೆದ: ಬಿಸಿ 74, ಫ್ರೇಮ್ 60, ಇಆರ್‌ಆರ್ 0, ಅರ್ಥ್ 1.6. ಕೆಳಗೆ ತಾರೀಕು. ಪಕ್ಕದ ತಗಡಿನ ಒಳಮೈಗೆ ಟೇಪ್ ಹಾಕಿ ಅಂಟಿಸಿ ಸ್ಕ್ರೂ ಬಿಗಿದ. ಬರುವ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ತಗಡು ಬಿಚ್ಚಿ ಆ ಸಾಲಿನ ಕೆಳಗೆ ಹೊಸ ಅಂಕಿ ಬರೆಯಬೇಕು.